ಗುಯ್ ಅಂದ್ರೆ ನಂದು

ಫ್ರೀಜರ್ ಪೆಟ್ಟಿಗೆಯ ಪ್ಲಗ್ಗನ್ನು ಕೆಂಪರಾಜ್ ಬೋರ್ಡಿನ ಕೊನೆಯ ತೂತಿಗೆ ತುರುಕಿದ. ಆ ಒಂದೇ ಬೋರ್ಡಿಗೆ ಆಗಲೇ ಶಾಮಿಯಾನದ ಟ್ಯೂಬ್‌ಲೈಟು, ಮೈಕಿನ ಸ್ಪೀಕರು, ಟೀ ಕಾಯಿಸುವ ಕೆಟಲು, ಜೊತೆಗೆ ಇಬ್ಬರು ನೆಂಟರ ಮೊಬೈಲ್ ಚಾರ್ಜರು ನೇತುಬಿದ್ದಿದ್ದವು. ಪ್ಲಗ್ಗು ಒಳಗೆ ಹೋಗಿದ್ದೇ ತಡ, ಸ್ಪೀಕರು ಗುಯ್ ಎಂದು ಶುರು ಹಚ್ಚಿಕೊಂಡಿತು.

"ಇರ್ಲಿ ಬಿಡಿ, ವಿಹಾರದಿಂದ ಭಂತೇಜಿ ಬಂದು ಪಂಚಶೀಲ ಹೇಳೋಕೆ ಶುರು ಮಾಡಿದ್ರೆ ಇದೆಲ್ಲ ಗೊತ್ತಾಗಲ್ಲ," ಎಂದು ಕೆಂಪರಾಜ್ ಕೈ ಒರೆಸಿಕೊಂಡ.

ಪೆಟ್ಟಿಗೆಯೊಳಗೆ ಮಲಗಿದ್ದದ್ದು ಅವನ ಅಪ್ಪ ಬೈಲಪ್ಪ. ಎಪ್ಪತ್ತೆರಡು ವರ್ಷ. ಟ್ರಾನ್ಸ್‌ಫಾರ್ಮರ್ ಸುತ್ತುವ ಕಸುಬು. ಬದುಕಿದ್ದಿದ್ದರೆ ಎದ್ದು ಬಂದು ಮಗನ ಬೆನ್ನಿಗೊಂದು ಬಿಡುತ್ತಿದ್ದ. ನಲವತ್ತೈದು ವರ್ಷ ಕಂಡಕಂಡವರಿಗೆಲ್ಲ ಅವನು ಹೇಳಿಕೊಂಡು ಬಂದಿದ್ದು ಒಂದೇ ಮಾತು, ಎಲ್ಲವನ್ನೂ ಒಂದೇ ತಂತಿಗೆ ನೇತುಹಾಕಬೇಡಿ ಎಂದು. ಈಗ ನೋಡಿದರೆ ಅವನನ್ನೇ ನೇತುಹಾಕಿಬಿಟ್ಟಿದ್ದರು.

ಹಲಸೂರಿನ ಆ ಓಣಿಯಲ್ಲಿ ಶಾಮಿಯಾನ ಹಾಕಿದರೆ ಸ್ಕೂಟರು ಕೂಡ ದಾಟುವ ಹಾಗಿಲ್ಲ. ಕುರ್ಚಿಗಳು ಎದುರು ಮನೆಯ ಮೆಟ್ಟಿಲವರೆಗೂ ಹೋಗಿದ್ದವು. ಬೈಲಪ್ಪನ ಮೊಮ್ಮಗಳು ಮೋನಿಷಾ ಪೆಟ್ಟಿಗೆಯ ತಲೆಯ ಕಡೆ ನೆಲದ ಮೇಲೆ ಕೂತಿದ್ದಳು. ಆ ಗುಯ್ ಅವಳ ಹಲ್ಲಿಗೆ ತಾಗುತ್ತಿತ್ತು. ಆದರೆ ಅವಳ ಸಂಕಟ ಅದಲ್ಲ. ಮೂರು ಗಂಟೆಗೆ ತಾತನನ್ನು ಮಣ್ಣಿಗೆ ಒಯ್ಯುವ ಗಾಡಿ ಬರುತ್ತದೆ. ಅದಕ್ಕೆ ಮುಂಚೆ ಬರುತ್ತೇನೆ ಎಂದು ಅವಳ ಬ್ಯಾಂಡಿನ ಗೆಳೆಯ ಸೂರ್ಯ ಮೆಸೇಜ್ ಹಾಕಿದ್ದ. ಅವನಿಗೆ ಒಂದು ಮಾತು ಹೇಳಬೇಕಿತ್ತು. ತಾತ ಮಾಡಿದ ಕರೆಂಟಿನ ಡಬ್ಬಿ ಒಂದೂಮುಕ್ಕಾಲು ವರ್ಷದ ಹಿಂದೆ ಸೂರ್ಯನ ಗಿಟಾರ್ ಪೆಡಲ್ ಸುಟ್ಟಿತು ಎಂದು ಅವಳೇ ಹೇಳಿದ್ದಳು. ಅದು ಸುಳ್ಳು. ಸುಟ್ಟವಳು ಅವಳು. ಆ ಸುಳ್ಳು ಊರೆಲ್ಲ ಸುತ್ತಿ ತಾತನ ಕೆಲಸ ನಿಂತುಹೋಗಿತ್ತು. ಬದುಕಿದ್ದಾಗ ಬಾಯಿ ಬಿಡಲಿಲ್ಲ, ಮಣ್ಣಿಗೆ ಹೋಗುವ ಮುಂಚೆಯಾದರೂ ಹೇಳಬೇಕು. ಹೇಳಿದ ಮೇಲೆ ಈ ಜನದ ಮಧ್ಯೆ ತಲೆಯೆತ್ತಿ ಕೂರುವುದು ಹೇಗೆ?

ಹೊಸಕೋಟೆಯಿಂದ ಬಂದಿದ್ದ ನೆಂಟರ ಹೆಂಗಸೊಬ್ಬಳು ಬೈಲಪ್ಪನ ಹೆಂಡತಿ ಪಿಳ್ಳಮ್ಮನ ಪಕ್ಕ ಸರಿದು ಮೆಲ್ಲಗೆ ಕೇಳಿದಳು. "ಅಕ್ಕಾ, ಬಳೆ ತೆಗೆಯೋದು ಇಲ್ಲೋ, ಅಲ್ಲಿ ಹೋದ ಮ್ಯಾಲೋ?"

"ಎಲ್ಲೂ ಇಲ್ಲ," ಎಂದಳು ಪಿಳ್ಳಮ್ಮ. "ನಾವು ಬೌದ್ಧ ದೀಕ್ಷೆ ತಗಂಡ ದಿನಾನೇ ಭಂತೇಜಿ ಹೇಳವ್ರೆ. ಬಳೆ ನಮ್ಮಪ್ಪ ಹಾಕ್ಸಿದ್ದು. ಇವ್ರು ಹೋದ್ರೆ ನಾನ್ಯಾಕೆ ತೆಗೀಲಿ?"

ಆ ಹೆಂಗಸು ಟೀ ಕಡೆ ಹೋದಳು.

ಅಷ್ಟರಲ್ಲಿ ನಜೀರ್ ಬಂದ. ಬೈಲಪ್ಪನ ಅಂಗಡಿಗೂ ಅವನ ಸ್ಪೀಕರ್ ರಿಪೇರಿ ಅಂಗಡಿಗೂ ನಡುವೆ ಇದ್ದದ್ದು ಒಂದು ಹಲಗೆ ಗೋಡೆ ಅಷ್ಟೇ. ಒಂದು ಕೈಯಲ್ಲಿ ರಸೆಲ್ ಮಾರುಕಟ್ಟೆಯ ಗುಲಾಬಿ ಹಾರ, ಇನ್ನೊಂದು ಕೈಯಲ್ಲಿ ಭಾರದ ಬಟ್ಟೆಚೀಲ. ಹಾರ ಹಾಕುವ ಮುಂಚೆಯೇ ತಲೆಯೆತ್ತಿ ಸ್ಪೀಕರ್ ಕಡೆ ನೋಡಿದ.

"ಅರೆ, ಏನಿದು? ಬೈಲಪ್ಪ ಭಾಯ್ ಮನೇಲಿ ಗುಯ್ ಅಂತಾ ಇದೆಯಲ್ಲ! ನಾಚಿಕೆ ಆಗಲ್ವಾ ನಿಮಗೆ?"

ಯಾರಿಗೂ ಅರ್ಥವಾಗಲಿಲ್ಲ. ಮೋನಿಷಾ ಎದ್ದಳು. ಫ್ರೀಜರಿನ ಪ್ಲಗ್ಗು ಕಿತ್ತು, ವೈರನ್ನು ಕಿಟಕಿಯಿಂದ ಒಳಗೆ ಎಳೆದು, ಅಡುಗೆಮನೆಯಲ್ಲಿ ಗ್ರೈಂಡರಿಗೆಂದೇ ಬೇರೆ ಲೈನ್ ಎಳೆಸಿದ್ದ ದೊಡ್ಡ ಪಾಯಿಂಟಿಗೆ ಹಾಕಿದಳು. ಗುಯ್ ನಿಂತಿತು.

"ಹಾಂ, ಈಗ ಮಲಕ್ಕೋತಾರೆ," ಎಂದಳು ಪಿಳ್ಳಮ್ಮ, ಸೆರಗಿನಲ್ಲಿ ಮೂಗು ಒರೆಸಿಕೊಂಡು.

*

ಶಿವಾಜಿನಗರದಲ್ಲಿ ಬೈಲಪ್ಪನ ಅಂಗಡಿ ಎಂಟಡಿ ಆರಡಿ. ಅವನು ಕಾಲು ಚಾಚಿದರೆ ಓಣಿಯಲ್ಲಿ ಹೋಗುವವರು ದಾಟಿಕೊಂಡು ಹೋಗಬೇಕಿತ್ತು. ಸ್ಟೆಬಿಲೈಸರಿನ ಟ್ರಾನ್ಸ್‌ಫಾರ್ಮರು, ಮಿಕ್ಸಿ ಮೋಟರು, ಫ್ಯಾನು, ಏನು ಸುಟ್ಟುಹೋದರೂ ತಾಮ್ರದ ತಂತಿಯನ್ನು ಬಿಚ್ಚಿ ಹೊಸದಾಗಿ ಸುತ್ತಿಕೊಡುತ್ತಿದ್ದ. ಮನೆಮಾತು ಕನ್ನಡ, ಸುತ್ತು ಎಣಿಸುವುದು ಮಾತ್ರ ತಮಿಳಿನಲ್ಲಿ. ಕಸುಬು ಕಲಿಸಿದ ಮೇಸ್ತ್ರಿ ತಮಿಳಿನವನು, ಎಣಿಕೆ ಅವನದ್ದೇ ಉಳಿದುಕೊಂಡಿತ್ತು. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಒಮ್ಮೆ ಮಗಳು ಯಮುನಾ ಹೆರಿಗೆ ಆಯಿತೆಂದು ಫೋನು ಮಾಡಿಸಿದಾಗಲೂ ಮುನ್ನೂರ ಹತ್ತರವರೆಗೆ ಎಣಿಸಿ ಮುಗಿಸಿಯೇ ಹಲೋ ಎಂದಿದ್ದ. ಆವತ್ತು ಹುಟ್ಟಿದವಳೇ ಮೋನಿಷಾ.

ಗಿಟಾರಿನವರು ಅವನ ಬಳಿ ಬಂದದ್ದು ನಜೀರನ ದೆಸೆಯಿಂದ. ಸ್ಪೀಕರು ಗುಯ್ಯೆನ್ನುತ್ತದೆ ಎಂದು ಒಬ್ಬ ಹೊತ್ತು ತಂದಿದ್ದ. ನಜೀರ್ ಬಿಚ್ಚಿ ನೋಡಿ ಏನೂ ಕಾಣದೆ ತಲೆ ಕೆರೆದುಕೊಂಡ. ಹಲಗೆಯ ಮೇಲಿಂದ ಇಣುಕಿದ ಬೈಲಪ್ಪನಿಗೆ ಕಂಡದ್ದು ಆ ಹುಡುಗನ ಬ್ಯಾಗಿನಲ್ಲಿದ್ದ ಐದು ಪೆಡಲ್‌ಗಳು. ಗಿಟಾರಿನ ಸದ್ದನ್ನು ಒಡೆದು, ತಿರುಚಿ, ಎಳೆದು ಮುಂದಕ್ಕೆ ಕಳಿಸುವ, ಕಾಲಲ್ಲಿ ಒತ್ತುವ, ಸೋಪಿನ ಪೆಟ್ಟಿಗೆಯಷ್ಟು ಯಂತ್ರಗಳು. ಐದಕ್ಕೂ ಒಂದೇ ಅಡಾಪ್ಟರು, ಒಂದೇ ವೈರು, ವೈರಿಗೆ ಐದು ಕವಲು.

"ಸ್ಪೀಕರ್‌ಗೇನಾಗಿಲ್ಲಪ್ಪ," ಎಂದ ಬೈಲಪ್ಪ. "ಈ ಐದೂ ಒಂದರ ಮಾತು ಇನ್ನೊಂದು ಕೇಳಿಸ್ಕಂತಾ ಅವೆ."

ವಾರ ಬಿಟ್ಟು ಅವನಿಗೆ ಕರೆಂಟು ಹಂಚುವ ಒಂದು ಡಬ್ಬಿ ಮಾಡಿಕೊಟ್ಟ. ಗೋಡೆಯ ಕರೆಂಟು ಒಂದೇ ಕಡೆಯಿಂದ ಒಳಗೆ ಹೋಗುತ್ತದೆ, ಆದರೆ ಒಳಗೆ ಒಂದೇ ಕಬ್ಬಿಣದ ಮೇಲೆ ಐದು ಬೇರೆ ಬೇರೆ ಸುತ್ತು. ಒಂದು ಸುತ್ತಿಗೂ ಇನ್ನೊಂದಕ್ಕೂ ಎಲ್ಲೂ ತಂತಿ ತಾಗುವುದಿಲ್ಲ. ಒಂದೊಂದು ಸುತ್ತಿಗೆ ಒಂದೊಂದು ಫ್ಯೂಸು, ಹೊರಗೆ ಒಂದೊಂದು ಸಾಕೆಟ್ಟು. ಆರನೇ ಕ್ಲಾಸಿನ ಮೋನಿಷಾಗೆ ಅವನು ಬಿಡಿಸಿ ಹೇಳಿದ್ದ.

"ನಮ್ಮ ಬೀದಿ ನಲ್ಲಿ ನೋಡು. ಒಂದೇ ಪೈಪಿಗೆ ಐದು ಮನೆ ಸೇರ್ಸಿದ್ರೆ ಒಬ್ರು ತಿರುಗ್ಸಿದ್ರೆ ಇನ್ನೊಬ್ರ ಮನೇಲಿ ನೀರು ನಡುಗ್ತದೆ. ಬೇರೆ ಬೇರೆ ಪೈಪು ಕೊಟ್ರೆ ಯಾರ ತಂಟೆಗೂ ಯಾರೂ ಹೋಗಲ್ಲ. ಒಂದು ಸಾಕೆಟ್ಟಿಗೆ ಒಂದೇ ಪೆಡಲು. ತಿಳೀತಾ?"

ಡಬ್ಬಿ ಚೆನ್ನಾಗಿ ಬಂದಿದೆಯೋ ಇಲ್ಲವೋ ಎಂದು ನೋಡುವ ಕ್ರಮವೇ ವಿಚಿತ್ರವಾಗಿತ್ತು. ಮನೆಯ ಮುಂದೆ ಗಿಟಾರಿನ ಸದ್ದು ಹೆಚ್ಚಿಸುವ ಹಳೆಯ ಆಂಪ್ ಇಟ್ಟು, ಎಲ್ಲ ಪೆಡಲ್ ಜೋಡಿಸಿ, ಆಂಪಿನ ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿ, ಗಿಟಾರಿನದನ್ನು ಪೂರ್ತಿ ಇಳಿಸಿ, ಏನೂ ನುಡಿಸದೆ ನಿಲ್ಲುವುದು. ಪಿಳ್ಳಮ್ಮ ಒಳಗೆ ಮಿಕ್ಸಿ ನಿಲ್ಲಿಸಬೇಕು. ಆದರೆ ಆ ವೇಳೆಗೆ ಬೈಲಪ್ಪನ ಕಿವಿ ಮಂದವಾಗಿತ್ತು. ಹಾಗಾಗಿ ಕೇಳುವ ಕೆಲಸ ಮೋನಿಷಾದು. ಅವನು ಆಂಪನ್ನು ನೋಡುತ್ತಲೇ ಇರಲಿಲ್ಲ, ಅವಳ ಮುಖ ನೋಡುತ್ತಿದ್ದ.

"ಸುಯ್ ಅಂದ್ರೆ ಅದು ಪೆಡಲ್‌ದು," ಎನ್ನುತ್ತಿದ್ದ. "ಗುಯ್ ಅಂದ್ರೆ ನಂದು."

ಗುಯ್ ಇಲ್ಲವೆಂದು ಅವಳು ತಲೆಯಾಡಿಸಿದರೆ ಡಬ್ಬಿ ಮನೆ ಬಿಡುತ್ತಿತ್ತು. ಹುಬ್ಬು ಗಂಟಿಕ್ಕಿದರೆ ಮತ್ತೆ ಬಿಚ್ಚಿ ಸುತ್ತುತ್ತಿದ್ದ. ಅವಳ ಮುಖ ತಪ್ಪಿಸಿ ಒಂದು ಡಬ್ಬಿಯೂ ಹೊರಗೆ ಹೋಗಲಿಲ್ಲ. ಹೀಗೆ ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ಅವಳಿಗೆ ಗಿಟಾರು ಅಂಟಿಕೊಂಡಿತು.

*

ಒಂದೂಮುಕ್ಕಾಲು ವರ್ಷದ ಹಿಂದಿನ ಮಾತು. ಇಂದಿರಾನಗರದಲ್ಲಿ ಮೂರನೇ ಮಹಡಿಯ ಮೇಲೊಂದು ಹೋಟೆಲು. ಸಂಜೆ ಆರಕ್ಕೆ ಕಾರ್ಯಕ್ರಮ. ಮೋನಿಷಾ, ಸೂರ್ಯ, ಇನ್ನಿಬ್ಬರ ಬ್ಯಾಂಡಿಗೆ ಅದು ಮೊದಲ ದೊಡ್ಡ ಅವಕಾಶ. ತಾತನ ಡಬ್ಬಿಗೆ ಐದು ಸಾಕೆಟ್ಟು, ಅವಳ ಹತ್ತಿರ ಐದು ಪೆಡಲು. ಲೆಕ್ಕ ಸರಿಯಾಗಿತ್ತು. ಸೂರ್ಯ ಕೊನೆ ಗಳಿಗೆಯಲ್ಲಿ ಆರನೆಯದನ್ನು ತಂದುಕೊಟ್ಟ. ಅವನ ದೊಡ್ಡಪ್ಪ ಕಂಟೋನ್ಮೆಂಟಿನ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದ ಕಾಲದ ಹಳೇ ಪೆಡಲು. ಆ ದೊಡ್ಡಪ್ಪ ತೀರಿಕೊಂಡಿದ್ದರು.

"ಮೋನಿ, ಇದನ್ನ ಇವತ್ತು ನೀನು ನುಡಿಸ್ಬೇಕು. ಜೋಪಾನ ಮಗಾ, ಇದರ ಪ್ಲಸ್ಸು ಮೈನಸ್ಸು ಉಲ್ಟಾ. ಇದಕ್ಕೆ ಬೇರೆ ವೈರು, ಬೇರೆ ಸಾಕೆಟ್ಟು ಬೇಕು."

ಅವಳಿಗೆ ಗೊತ್ತಿತ್ತು. ತಾತ ನೂರು ಸಲ ಹೇಳಿದ್ದ. ಆದರೆ ಸಾಕೆಟ್ಟು ಐದೇ, ಮೇಲೆ ಜನ ಕಾಯುತ್ತಿದ್ದರು, ಹೋಟೆಲಿನವನು ಬೇಗ ಬೇಗ ಎಂದು ಜೀವ ತಿನ್ನುತ್ತಿದ್ದ. ಬ್ಯಾಗಿನ ತಳದಲ್ಲಿ ಒಂದು ಕವಲು ವೈರು ಸಿಕ್ಕಿತು. ಐದನೇ ಸಾಕೆಟ್ಟಿಗೆ ಅದನ್ನು ಚುಚ್ಚಿ ಐದನೇ, ಆರನೇ ಪೆಡಲ್ ಎರಡನ್ನೂ ಸೇರಿಸಿದಳು. ಒಂದೇ ಒಂದು ಹಾಡು ತಾನೇ ಎಂದುಕೊಂಡಳು.

ಅರ್ಧ ಹಾಡಿಗೆ ದೊಡ್ಡಪ್ಪನ ಪೆಡಲಿನಿಂದ ಸುಟ್ಟ ವಾಸನೆ ಬಂತು. ಸೂರ್ಯ ಗಿಟಾರು ಎಸೆದು ಓಡಿಬಂದ. ಅವನು ಬಗ್ಗುವಷ್ಟರಲ್ಲಿ ಮೋನಿಷಾ ಕವಲು ವೈರನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದಳು. ಏನಾಯ್ತು ಏನಾಯ್ತು ಎಂದು ಅವನು ಕಿರುಚಿದಾಗ ಬಾಯಿಗೆ ಬಂದದ್ದು ಒಂದೇ.

"ಗೊತ್ತಿಲ್ಲ ಕಣೋ. ತಾತನ ಡಬ್ಬೀಲೇ ಏನೋ ಆಗಿದೆ."

ಮರುದಿನ ಸೂರ್ಯ ಡಬ್ಬಿಯನ್ನೂ ಸತ್ತ ಪೆಡಲನ್ನೂ ಹೊತ್ತು ಶಿವಾಜಿನಗರಕ್ಕೆ ಹೋದ. ಹಿಂದೆಯೇ ಮೋನಿಷಾ. ಬೈಲಪ್ಪ ಡಬ್ಬಿ ಬಿಚ್ಚಿದ, ಬಹಳ ಹೊತ್ತು ನೋಡಿದ, ಮತ್ತೆ ಮುಚ್ಚಿದ. ಅವಳ ಕಡೆ ತಿರುಗಲಿಲ್ಲ.

"ತಪ್ಪು ನಂದೇ ಕಣಪ್ಪ," ಎಂದ. "ಪೆಡಲು ಇಲ್ಲೇ ಬಿಟ್ಟು ಹೋಗು, ಸರಿ ಮಾಡ್ಸಿ ಕೊಡ್ತೀನಿ."

ಹೇಳಿದ ಹಾಗೆ ಸರಿ ಮಾಡಿಸಿ ಕೊಟ್ಟ. ಅಷ್ಟರಲ್ಲಿ ಸುದ್ದಿ ಹರಡಿತ್ತು. ಮಿಕ್ಸಿ, ಫ್ಯಾನು ಸುತ್ತಿಸುವವರು ಮೊದಲೇ ಕಡಿಮೆಯಾಗಿ ಅಂಗಡಿ ನಡೆಯುತ್ತಿದ್ದದ್ದು ಗಿಟಾರಿನವರಿಂದ. ಅವರು ಬರುವುದು ನಿಂತಿತು. ಯಾರೂ ಜಗಳಕ್ಕೇನೂ ಬರಲಿಲ್ಲ, ಬರದೇ ಇದ್ದರು ಅಷ್ಟೇ. ಅಲ್ಲಿಯವರೆಗೆ ತಾತನ ಮನೆಯಲ್ಲೇ ಇದ್ದ ಮೋನಿಷಾ ಕಾಲೇಜು ಹತ್ತಿರವಾಗುತ್ತದೆ ಎಂಬ ನೆಪ ಹೇಳಿ ಹೊರಮಾವಿಗೆ, ಅಮ್ಮನ ಮನೆಗೆ ಹೋಗಿಬಿಟ್ಟಳು. ಹೊರಮಾವಿನಿಂದ ಕಾಲೇಜು ಇನ್ನೂ ದೂರವೇ ಆಗಿತ್ತು.

*

ಸೂರ್ಯ ಬಂದಾಗ ಎರಡು ಗಂಟೆ ದಾಟಿತ್ತು. ಭಂತೇಜಿ ಬಂದು ಪಂಚಶೀಲ ಹೇಳಿಸಿ ಮುಗಿಸಿದ್ದರು. ಸೂರ್ಯ ಕೈಮುಗಿದು, ಪೆಟ್ಟಿಗೆಯ ಗಾಜಿನ ಮೇಲೆ ಹೂವಿಟ್ಟು, ಮೋನಿಷಾ ಪಕ್ಕ ನಿಂತ. ಒಳಗೆ ತಾತನ ಮೂಗಿಗೆ ಹತ್ತಿ ಇಟ್ಟಿದ್ದರು. ಬಲಗೈ ತೋರುಬೆರಳಿನಲ್ಲಿ ತಂತಿ ಹರಿದು ಹರಿದು ಆಗಿದ್ದ ಗೆರೆ ಹಾಗೇ ಇತ್ತು.

"ಒಳ್ಳೆ ಮನುಷ್ಯ ಕಣೆ," ಎಂದ ಸೂರ್ಯ. "ಆ ಒಂದು ಡಬ್ಬಿ ಕೈಕೊಡ್ತು, ಅಷ್ಟೇ. ಎಲ್ರಿಗೂ ಆಗುತ್ತೆ."

ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ. ಮೋನಿಷಾ ಜೇಬಿನಿಂದ ಕವಲು ವೈರು ತೆಗೆದು ಅವನ ಕೈಗಿಟ್ಟಳು.

"ಏನಿದು?"

"ಆವತ್ತು ನಿನ್ನ ಪೆಡಲನ್ನ ಇದಕ್ಕೆ ಹಾಕಿದ್ದೆ. ಐದನೇ ಸಾಕೆಟ್ಟಿಗೆ ಎರಡು. ಡಬ್ಬಿ ಸರಿಯಾಗೇ ಇತ್ತು. ನಾನು ಸುಳ್ಳು ಹೇಳ್ದೆ, ಸೂರ್ಯ."

ಅವಳು ಮೆಲ್ಲಗೇ ಹೇಳಿದ್ದಳು, ಆದರೆ ಕೆಂಪರಾಜ್ ತಿರುಗಿದ, ಪಿಳ್ಳಮ್ಮ ತಲೆಯೆತ್ತಿದಳು. ಸೂರ್ಯ ವೈರನ್ನೇ ನೋಡುತ್ತಿದ್ದ. ಅವನ ಮುಖ ಕೆಂಪಗಾಯಿತು.

"ಇವತ್ತು ಹೇಳ್ತಾ ಇದ್ದೀಯಲ್ಲ! ಇವತ್ತು! ನಾನು ಇಡೀ ಬೆಂಗ್ಳೂರಿಗೇ ಹೇಳ್ಕೊಂಡು ತಿರುಗ್ದೆ ಮೋನಿ. ಬೈಲಪ್ಪನ ಡಬ್ಬಿ ಮುಟ್ಬೇಡಿ ಅಂತ. ಈಗ ಯಾರ ಹತ್ರ ಹೋಗಿ ಸಾರಿ ಕೇಳ್ಲಿ?"

ಕೆಂಪರಾಜ್ ಬಂದು ಬಾಯಿ ತೆರೆದ. "ಅಂದ್ರೆ ನಮ್ಮಪ್ಪ ಒಂದೂಮುಕ್ಕಾಲು ವರ್ಷ ಖಾಲಿ ಕೂತಿದ್ದು ನಿನ್ನಿಂದನೇನೇ?"

"ಹೂಂ ಮಾಮ."

"ಕೆಂಪರಾಜ್, ನಿಲ್ಲಿಸಪ್ಪ," ಎಂದ ನಜೀರ್. ಅವನು ಸೂರ್ಯನ ಕೈಯಿಂದ ವೈರು ತೆಗೆದುಕೊಂಡು ಟೀ ಲೋಟಗಳ ಕಸದ ಚೀಲಕ್ಕೆ ಹಾಕಿದ. "ಬೈಲಪ್ಪ ಭಾಯ್‌ಗೆ ಗೊತ್ತಿತ್ತು."

ನಜೀರ್ ಮೋನಿಷಾ ಕಡೆ ತಿರುಗಿದ.

"ಆವತ್ತು ಡಬ್ಬಿ ಬಿಚ್ಚಿದ ತಕ್ಷಣ ಗೊತ್ತಾಯ್ತು. ಐದನೇದರ ಫ್ಯೂಸ್ ಒಂದೇ ಹೋಗಿತ್ತು. ಒಂದಕ್ಕೆ ಎರಡು ಹಾಕಿದ್ರೆ ತಾನೇ ಅದು ಹೋಗೋದು? ನೀವಿಬ್ರೂ ಹೋದ ಮೇಲೆ ನಾನು ಕೇಳ್ದೆ, ಯಾಕಪ್ಪಾ ನಿನ್ನ ತಲೆ ಮೇಲೆ ಹಾಕ್ಕೊಂಡೆ ಅಂತ. ಏನಂದ ಗೊತ್ತಾ? ಮಗು ಕೈಲಿ ಆರು ಇತ್ತು, ನಾನು ಐದು ಕೊಟ್ಟೆ ನಜೀರಾ, ತಪ್ಪು ನಂದೇ ಅಲ್ವಾ ಅಂದ. ನನ್ನ ಸಮಾಧಾನಕ್ಕೆ ಅಂದಿದ್ದಲ್ಲ ಬೇಟಾ. ಅವನು ಹಂಗೇ ನಂಬಿದ್ದ."

ನಜೀರ್ ಬಟ್ಟೆಚೀಲ ಬಿಚ್ಚಿದ. ಒಳಗೆ ಬೂದು ಬಣ್ಣದ ಕಬ್ಬಿಣದ ಡಬ್ಬಿ. ಸಾಕೆಟ್ಟು ಆರು. ಐದು ಕಪ್ಪು, ಕೊನೆಯದರ ಸುತ್ತ ಮಾತ್ರ ಕೆಂಪು ಬಣ್ಣದ ಬಳೆಯಂಥ ಗೆರೆ. ಅದರ ಪಕ್ಕದಲ್ಲಿ ಸುರುಳಿ ಸುತ್ತಿದ ಒಂದು ಕೆಂಪು ವೈರು.

"ಈ ಕೆಂಪು ನನ್ನ ಉಗುರುಬಣ್ಣ," ಎಂದಳು ಪಿಳ್ಳಮ್ಮ. "ಯಾವ ಮದುವೆಗೋ ತಂದಿದ್ದೆ. ಎಲ್ಲಿ ಹೋಯ್ತು ಅಂತ ಹುಡುಕ್ತಾ ಇದ್ದೆ."

"ನಾಲ್ಕು ತಿಂಗಳು ಹಿಡೀತು," ಎಂದ ನಜೀರ್. "ಆರನೇದು ಆ ಉಲ್ಟಾ ಪೆಡಲ್‌ಗೆ ಅಂತಾನೇ. ಕೈ ನಡುಗ್ತಿತ್ತು, ಎಣಿಕೆ ತಪ್ತಿತ್ತು. ಅವನು ಸುತ್ತೋದು, ನಾನು ಎಣಿಸೋದು. ತಮಿಳಲ್ಲೇ ಎಣಿಸ್ಬೇಕಂತೆ! ಎರಡು ಸಲ ಬಿಚ್ಚಿ ಸುತ್ತಿದ್ವಿ. ಶನಿವಾರ ಮುಗೀತು. ನಾನು ಟೆಸ್ಟ್ ಮಾಡ್ತೀನಿ ಕೊಡು ಅಂದೆ. ಬೇಡ, ಮೋನಿ ಬರ್ತಾಳೆ ಅಂದ."

ಸೋಮವಾರ ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಬೈಲಪ್ಪ ಹೋಗಿದ್ದ.

ಮೋನಿಷಾಗೆ ಅಳು ಒತ್ತರಿಸಿಕೊಂಡು ಬಂತು. ಬೆಳಗ್ಗಿನಿಂದ ಬಾರದ್ದು ಈಗ ಕಟ್ಟೆಯೊಡೆಯಿತು. ಎಲ್ಲರ ಮುಂದೆ ಬಿಕ್ಕಿಬಿಕ್ಕಿ ಅತ್ತಳು. ಅವಳನ್ನು ಯಾರೂ ತಡೆಯಲಿಲ್ಲ. ಕೆಂಪರಾಜ್ ಬೈಯಬೇಕೋ ಸಮಾಧಾನ ಮಾಡಬೇಕೋ ತಿಳಿಯದೆ ಕುರ್ಚಿಗಳನ್ನು ಆ ಕಡೆ ಈ ಕಡೆ ಸರಿಸಿದ.

ಅವಳ ಅಳು ಒಂದು ಹದಕ್ಕೆ ಬಂದಾಗ ಪಿಳ್ಳಮ್ಮ ಎದ್ದಳು. "ಆಂಪು ಮಂಚದ ಕೆಳಗೈತೆ. ನಜೀರಣ್ಣ ಹೇಳಿದ್ರು ಅಂತ್ಲೇ ಗಿಟಾರು, ಪೆಡಲು ತಗಂಡು ಬಾ ಅಂತ ನಿಂಗೆ ಫೋನಲ್ಲೇ ಹೇಳಿದ್ನಲ್ಲ. ತಂದಿದ್ದೀಯ?"

"ತಂದಿದ್ದೀನಿ ಅಜ್ಜಿ."

"ಜೋಡ್ಸು ಮತ್ತೆ. ಗಾಡಿ ಬರೋದ್ರೊಳಗೆ ಆಗ್ಲಿ."

ಸೂರ್ಯ ಹೊರಟುಹೋದ. ಕೋಪಕ್ಕೆ ಹೋದನೆಂದೇ ಮೋನಿಷಾ ಅಂದುಕೊಂಡಳು. ಅವಳು ಐದು ಪೆಡಲ್‌ಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೆ ಒಂದೊಂದು ಸಾಕೆಟ್ಟಿನಿಂದ ವೈರು ಎಳೆಯುವಷ್ಟರಲ್ಲಿ ಅವನು ಓಣಿಯ ತುದಿಯಲ್ಲಿ ನಿಲ್ಲಿಸಿದ್ದ ಬೈಕಿನಿಂದ ತನ್ನ ಬ್ಯಾಗು ತಂದ. ದೊಡ್ಡಪ್ಪನ ಪೆಡಲು ತೆಗೆದು ಅವಳ ಪಕ್ಕ ಮೊಣಕಾಲೂರಿ ಕೂತ. ಕೆಂಪು ವೈರಿನ ಒಂದು ತುದಿ ಪೆಡಲಿಗೆ, ಇನ್ನೊಂದು ತುದಿ ಆರನೇ ಸಾಕೆಟ್ಟಿಗೆ ತಾನೇ ಚುಚ್ಚಿದ.

"ಸುಟ್ರೆ ಸುಡ್ಲಿ," ಎಂದ.

ಬೈಲಪ್ಪನನ್ನು ಪೆಟ್ಟಿಗೆಯಿಂದ ತೆಗೆದು ಬಿದಿರಿನ ಚಟ್ಟದ ಮೇಲೆ ಮಲಗಿಸಿದ್ದರು. ಮೈತುಂಬ ಬಿಳಿ ಬಟ್ಟೆ, ಮೇಲೆ ನಜೀರನ ಗುಲಾಬಿ. ಮೋನಿಷಾ ಡಬ್ಬಿಯನ್ನು ಅವನ ಪಾದದ ಹತ್ತಿರ ಇಟ್ಟಳು. ಮೈಕಿನ ಸ್ಪೀಕರಿನ ಪ್ಲಗ್ಗು ಕಿತ್ತು, ಡಬ್ಬಿಯ ಪ್ಲಗ್ಗನ್ನೂ ಆಂಪಿನ ಪ್ಲಗ್ಗನ್ನೂ ಕೆಂಪರಾಜ್ ಅದೇ ಬೋರ್ಡಿಗೆ ಹಾಕಿದ. ಟ್ಯೂಬ್‌ಲೈಟು, ಕೆಟಲು, ಚಾರ್ಜರುಗಳ ಪಕ್ಕದಲ್ಲೇ.

"ಬೇರೆ ಕಡೆ ಹಾಕ್ಲಾ?" ಎಂದು ಅವನು ಕೇಳಿದ.

"ಅಲ್ಲೇ ಇರ್ಲಿ," ಎಂದ ನಜೀರ್. "ಅಲ್ಲೇ ಗೊತ್ತಾಗಬೇಕು."

ಡಬ್ಬಿಯ ಸ್ವಿಚ್ಚು ಹಾಕಿದಳು. ಆರು ಪೆಡಲ್‌ಗಳ ಪೈಕಿ ಐದರಲ್ಲಿ ಸಣ್ಣ ದೀಪ ಹತ್ತಿತು. ಹಳೆಯದಕ್ಕೆ ದೀಪವೇ ಇರಲಿಲ್ಲ. ಸೂರ್ಯ ಮೂಗು ಹತ್ತಿರ ತಂದು ಮೂಸಿ ನೋಡಿ, ಸರಿ ಎಂದು ಕಣ್ಣಲ್ಲೇ ಹೇಳಿದ. ಗಿಟಾರು ಹೆಗಲಿಗೆ ಹಾಕಿಕೊಂಡು ಮೋನಿಷಾ ಅದರ ವಾಲ್ಯೂಮನ್ನು ಪೂರ್ತಿ ಇಳಿಸಿದಳು. ಆಮೇಲೆ ಬಗ್ಗಿ ಆಂಪಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ತಂತಿಗಳ ಮೇಲೆ ಅಂಗೈ ಇಟ್ಟು ನಿಂತಳು.

ಓಣಿಯ ಜನ ಹಾಡಿಗೆ ಕಾದರು. ಓಣಿಯ ತುದಿಯಲ್ಲಿ ಗಾಡಿ ಬಂದು ನಿಂತಿತು, ಡ್ರೈವರು ಎಂಜಿನ್ ಆರಿಸಿ ಇಳಿದು ಬಂದು ಗುಂಪಿನ ಹಿಂದೆ ನಿಂತ. ಹೊಸಕೋಟೆಯ ಹೆಂಗಸು ಪಕ್ಕದವರನ್ನು ಏನೆಂದು ಕಣ್ಣಲ್ಲೇ ಕೇಳಿದಳು.

"ಕರೆಂಟ್ ಬರ್ತಾ ಇಲ್ವಾ?" ಎಂದು ಕೆಂಪರಾಜ್ ಪಿಸುಗುಟ್ಟಿದ.

"ಬರ್ತಾ ಇದೆ," ಎಂದ ನಜೀರ್. "ಸುಮ್ನಿರು."

ಪಿಳ್ಳಮ್ಮ ಚಟ್ಟದ ಪಕ್ಕ ಸರಿದು, ಗಂಡನ ಮುಖದ ಮೇಲೆ ಕೂರಲು ಬಂದ ನೊಣವನ್ನು ಓಡಿಸಲು ಕೈ ಎತ್ತಿದಳು. ಅವಳ ಕೈಬಳೆ ಕಿಣಿಕಿಣಿ ಎಂದದ್ದು ಓಣಿಯ ಆ ತುದಿಯವರೆಗೂ ಕೇಳಿಸಿತು. ಕೈಯನ್ನು ಹಾಗೇ ಹಿಡಿದುಕೊಂಡು ಅವಳು ತಿರುಗಿದಳು. ಆಂಪಿನ ಕಡೆ ನೋಡಲಿಲ್ಲ, ಮೊಮ್ಮಗಳ ಮುಖ ನೋಡಿದಳು.

ಮೋನಿಷಾ ಇಲ್ಲವೆಂದು ತಲೆಯಾಡಿಸಿದಳು.